ಕಡತ ಅಪ್‌ಲೋಡ್ ದೋಷನಿವಾರಣೆ

ಕಡತ ಅಪ್‌ಲೋಡ್ ದೋಷನಿವಾರಣೆಯು ವೆಬ್ ಸೇವೆಗಳ ಪರೀಕ್ಷೆಯ ಒಂದು ಅಂಗ. ಬಳಕೆದಾರರ ಗಣಕಯಂತ್ರದಲ್ಲಿ ಅಥವಾ ಮೊಬೈಲ್‌ನಲ್ಲಿ ಇರುವ ಚಿತ್ರ, ದಾಖಲೆ ಮುಂತಾದ ಕಡತಗಳನ್ನು ಸರ್ವರ್‌ಗೆ ಕಳುಹಿಸುವ ಕ್ರಿಯೆ ವಿಫಲವಾದಾಗ, ಆ ವೈಫಲ್ಯ ಯಾವ ಹಂತದಲ್ಲಿ ಉಂಟಾಯಿತೆಂದು ಗುರುತಿಸಿ ಸರಿಪಡಿಸುವ ಕ್ರಮವನ್ನು ಈ ಹೆಸರಿನಿಂದ ಕರೆಯಲಾಗುತ್ತದೆ. ಸಾಮಾನ್ಯ ಕೋರಿಕೆಯೊಂದರಲ್ಲಿ ಕೆಲವು ನೂರು ಬೈಟ್‌ಗಳಷ್ಟು ಪಠ್ಯ ಮಾತ್ರ ಸಾಗುತ್ತದೆ. ಅಪ್‌ಲೋಡ್‌ನಲ್ಲಿ ಲಕ್ಷಾಂತರ ಬೈಟ್‌ಗಳು ಹಲವು ಮಧ್ಯವರ್ತಿ ತಂತ್ರಾಂಶಗಳನ್ನು ದಾಟಿ ಹೋಗಬೇಕಾಗುತ್ತದೆ. ಪ್ರತಿಯೊಂದು ಮಧ್ಯವರ್ತಿಗೂ ತನ್ನದೇ ಆದ ಗಾತ್ರದ ಮಿತಿ, ಕಾಲದ ಮಿತಿ ಇರುವುದರಿಂದ ‘ಅಪ್‌ಲೋಡ್ ವಿಫಲವಾಗಿದೆ’ ಎಂಬ ಒಂದೇ ಸಂದೇಶದ ಹಿಂದೆ ಹತ್ತಾರು ಬೇರೆ ಬೇರೆ ಕಾರಣಗಳು ಅಡಗಿರಬಹುದು. ಆದುದರಿಂದ ಕಡತವನ್ನು ನಿರಾಕರಿಸಿದ್ದು ಈ ಸರಪಳಿಯ ಯಾವ ಕೊಂಡಿ ಎಂಬುದನ್ನು ಪರೀಕ್ಷಕರು ಮೊದಲು ತಿಳಿಯಬೇಕಾಗುತ್ತದೆ.

ಹಿನ್ನೆಲೆ

ಜಾಲಪುಟದ ನಮೂನೆಯ ಮೂಲಕ ಕಡತವನ್ನು ಕಳುಹಿಸುವ ವಿಧಾನವನ್ನು 1995ರ ನವೆಂಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1867 ಎಂಬ ದಸ್ತಾವೇಜು ಸೂಚಿಸಿತು. ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮಸಿಂಟರ್ ಇದರ ಲೇಖಕರು. ಅಲ್ಲಿ ವಿವರಿಸಲಾದ ‘ಮಲ್ಟಿಪಾರ್ಟ್ ಫಾರ್ಮ್-ಡೇಟಾ’ ರೂಪವೇ ಇಂದಿಗೂ ಬಳಕೆಯಲ್ಲಿದೆ. ಅದರ ಪರಿಷ್ಕೃತ ನಿರೂಪಣೆ 2015ರ ಜುಲೈಯಲ್ಲಿ ಆರ್‌ಎಫ್‌ಸಿ 7578 ಆಗಿ ಹೊರಬಂದಿತು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಇರುವ ಮಹತ್ವವನ್ನು ಅರಿಯಲು ಉತ್ತರ ಬೆಂಗಳೂರಿನ ಕೊಡಿಗೆಹಳ್ಳಿಯತ್ತ ನೋಡಬಹುದು. ಹೆಬ್ಬಾಳ ಮತ್ತು ಯಲಹಂಕಗಳ ನಡುವಿನ ಈ ಪ್ರದೇಶದ ಎನ್‌ಟಿಐ ಬಡಾವಣೆಯಲ್ಲಿ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರವಿದೆ. ಆಧಾರ್ ನೋಂದಣಿ ಕೇಂದ್ರಗಳಲ್ಲಿ ಸಂಗ್ರಹಿಸಿದ ವಿವರ, ಭಾವಚಿತ್ರ, ಬೆರಳಚ್ಚು ಹಾಗೂ ಐರಿಸ್ ಚಿತ್ರಗಳನ್ನು ಸ್ಥಳದಲ್ಲಿಯೇ ಗೂಢಲಿಪಿಗೆ ಪರಿವರ್ತಿಸಿ, ಒಂದು ಪೊಟ್ಟಣವಾಗಿಸಿ, ಪ್ರಾಧಿಕಾರದ ಕೇಂದ್ರೀಯ ಭಂಡಾರಕ್ಕೆ ಅಪ್‌ಲೋಡ್ ಮಾಡಲಾಗುತ್ತದೆ. ಒಬ್ಬ ನಿವಾಸಿಯ ಪೊಟ್ಟಣದ ಗಾತ್ರ ಸುಮಾರು 5 ಎಂಬಿ. ನಿವಾಸಿಗಳು ತಮ್ಮ ಗುರುತಿನ ಹಾಗೂ ವಿಳಾಸದ ದಾಖಲೆಗಳನ್ನು ತಾವೇ ಜಾಲತಾಣದ ಮೂಲಕ ಸಲ್ಲಿಸುವ ಸೌಲಭ್ಯವನ್ನು 2023ರ ಮಾರ್ಚ್ 15ರಿಂದ ಉಚಿತಗೊಳಿಸಲಾಯಿತು. ಆ ಅವಧಿಯನ್ನು ಹಲವು ಬಾರಿ ವಿಸ್ತರಿಸಲಾಗಿದೆ. ಈ ಸೌಲಭ್ಯದಲ್ಲಿ ಜೆಪಿಇಜಿ, ಪಿಎನ್‌ಜಿ ಅಥವಾ ಪಿಡಿಎಫ್ ಕಡತಗಳಿಗೆ ಮಾತ್ರ ಅವಕಾಶ. ಗಾತ್ರ 2 ಎಂಬಿಗಿಂತ ಕಡಿಮೆ ಇರಬೇಕು.

ಇಂತಹ ನಿಯಮಗಳು ಸೇವಾ ಸಿಂಧು, ವೃತ್ತಿಶಿಕ್ಷಣ ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಮೊದಲಾದ ಅನೇಕ ಸೇವೆಗಳಲ್ಲಿ ಸ್ವಲ್ಪ ಸ್ವಲ್ಪ ಭಿನ್ನವಾಗಿ ಇರುತ್ತವೆ. ಅರ್ಜಿಯ ಕೊನೆಯ ದಿನದ ಸಂಜೆ ಭಾವಚಿತ್ರವೊಂದು ಅಪ್‌ಲೋಡ್ ಆಗದಿದ್ದರೆ ಅಭ್ಯರ್ಥಿಗೆ ಒಂದು ವರ್ಷವೇ ನಷ್ಟವಾಗಬಹುದು. ದೋಷ ತನ್ನ ಕಡತದಲ್ಲಿದೆಯೋ ಸೇವೆಯಲ್ಲಿದೆಯೋ ಎಂದು ಅಭ್ಯರ್ಥಿಗಾಗಲಿ, ಗ್ರಾಮ ಒನ್ ಕೇಂದ್ರದ ನಿರ್ವಾಹಕರಿಗಾಗಲಿ ತಿಳಿಯುವ ದಾರಿಯಿಲ್ಲ. ಆ ವ್ಯತ್ಯಾಸವನ್ನು ತೋರಿಸಿಕೊಡುವ ಸಂದೇಶ ಸೇವೆಯಲ್ಲಿ ಇದೆಯೇ ಎಂಬುದೂ ಪರೀಕ್ಷೆಯ ವಿಷಯವೇ ಆಗಿದೆ.

ಕಡತ ಸಾಗುವ ದಾರಿ

ಬ್ರೌಸರ್ ಕಡತವನ್ನು ಕಳುಹಿಸುವಾಗ ಕೋರಿಕೆಯ ಒಡಲನ್ನು ಹಲವು ಭಾಗಗಳಾಗಿ ವಿಂಗಡಿಸುತ್ತದೆ. ಭಾಗಗಳ ನಡುವೆ ‘ಬೌಂಡರಿ’ ಎಂಬ ಗಡಿ ಸಾಲು ಇರುತ್ತದೆ. ಈ ಗಡಿಯ ಪಠ್ಯ ಏನೆಂಬುದನ್ನು ಕೋರಿಕೆಯ ತಲೆಬರಹದಲ್ಲಿ, ಎಂದರೆ ಕಂಟೆಂಟ್-ಟೈಪ್ ಹೆಡರ್‌ನಲ್ಲಿ, ಮೊದಲೇ ಘೋಷಿಸಲಾಗುತ್ತದೆ. ಒಡಲಿನಲ್ಲಿ ಅದೇ ಪಠ್ಯದ ಮುಂದೆ ಎರಡು ಅಡ್ಡಗೆರೆಗಳು ಸೇರಿರುತ್ತವೆ; ಕೊನೆಯ ಗಡಿಯ ಹಿಂದೆಯೂ ಇನ್ನೆರಡು ಅಡ್ಡಗೆರೆಗಳಿರುತ್ತವೆ. ಪ್ರತಿ ಭಾಗಕ್ಕೂ ಕ್ಷೇತ್ರದ ಹೆಸರು, ಕಡತದ ಹೆಸರು, ಕಡತದ ಬಗೆ ಎಂಬ ಸಣ್ಣ ತಲೆಬರಹವಿದ್ದು, ಖಾಲಿ ಸಾಲಿನ ಬಳಿಕ ಕಡತದ ಬೈಟ್‌ಗಳು ಆರಂಭವಾಗುತ್ತವೆ.

ಪರೀಕ್ಷೆಯಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ ಇಲ್ಲಿಯೇ ಹುಟ್ಟುತ್ತದೆ. ಪರೀಕ್ಷಕರು ಕಂಟೆಂಟ್-ಟೈಪ್ ಹೆಡರ್ ಅನ್ನು ಕೈಯಿಂದ ಬರೆದರೆ ಅದರಲ್ಲಿ ಗಡಿಯ ಪಠ್ಯ ಇರುವುದಿಲ್ಲ. ಉಪಕರಣವು ತಾನೇ ಸೃಷ್ಟಿಸಿದ ಗಡಿಯನ್ನು ಒಡಲಿನಲ್ಲಿ ಬಳಸುತ್ತದೆ, ಆದರೆ ತಲೆಬರಹದಲ್ಲಿ ಅದರ ಸುಳಿವಿರುವುದಿಲ್ಲ. ಸರ್ವರ್‌ಗೆ ಇಡೀ ಒಡಲು ಅರ್ಥವಿಲ್ಲದ ಬೈಟ್‌ಗಳ ರಾಶಿಯಾಗಿ ಕಾಣುತ್ತದೆ. ಕೆಲವು ಸರ್ವರ್‌ಗಳು 400 ಎಂದು ಉತ್ತರಿಸಿದರೆ, ಕೆಲವು 500 ಎನ್ನುತ್ತವೆ, ಇನ್ನು ಕೆಲವು ‘ಕಡತ ಬಂದಿಲ್ಲ’ ಎಂದು ಹೇಳಿ ಪರೀಕ್ಷಕರನ್ನು ಬೇರೆ ದಿಕ್ಕಿಗೆ ಕಳುಹಿಸುತ್ತವೆ. ಪರಿಹಾರ ಸರಳ: ಆ ಹೆಡರ್ ಅನ್ನು ಅಳಿಸಿ, ಉಪಕರಣವೇ ಬರೆಯಲು ಬಿಡಬೇಕು. ಒಡಲನ್ನು ಕೈಯಿಂದಲೇ ಬರೆಯುವವರು ಪ್ರತಿ ತಲೆಬರಹದ ಸಾಲಿನ ಕೊನೆಗೆ ಸಾಲುಮುರಿಯುವ ಎರಡೂ ಸಂಕೇತಗಳನ್ನು ಬಳಸಬೇಕು. ಲಿನಕ್ಸ್ ಸಂಪಾದಕಗಳು ಒಂದನ್ನು ಮಾತ್ರ ಹಾಕುವುದರಿಂದ ಕಣ್ಣಿಗೆ ಸರಿಯಾಗಿ ಕಾಣುವ ಒಡಲು ಸರ್ವರ್‌ನಲ್ಲಿ ಒಡೆಯುತ್ತದೆ.

ಕ್ಷೇತ್ರದ ಹೆಸರು ಹೊಂದದಿರುವುದು ಎರಡನೆಯ ಸಾಮಾನ್ಯ ಕಾರಣ. ಸರ್ವರ್ ‘ಫೋಟೋ’ ಎಂಬ ಹೆಸರಿನ ಕ್ಷೇತ್ರವನ್ನು ನಿರೀಕ್ಷಿಸುತ್ತಿರುವಾಗ ‘ಫೈಲ್’ ಎಂಬ ಹೆಸರಿನಲ್ಲಿ ಕಳುಹಿಸಿದರೆ ಕಡತ ತಲುಪಿಯೂ ತಲುಪದಂತೆಯೇ.

ಹೀಗೆ ಸಿದ್ಧವಾದ ಕೋರಿಕೆ ಬಳಕೆದಾರರ ಮೊಬೈಲ್ ಜಾಲ ಅಥವಾ ಕಚೇರಿಯ ಪ್ರಾಕ್ಸಿ, ಸೇವೆಯ ಮುಂಭಾಗದ ಭದ್ರತಾ ಶೋಧಕ, ಹೊರೆ ಹಂಚುವ ಲೋಡ್ ಬ್ಯಾಲೆನ್ಸರ್, ಎನ್‌ಜಿಂಕ್ಸ್ ಅಥವಾ ಅಪಾಚೆಯಂತಹ ವೆಬ್ ಸರ್ವರ್, ಆನ್ವಯಿಕ ತಂತ್ರಾಂಶ, ವೈರಸ್ ತಪಾಸಕ, ಕೊನೆಗೆ ಸಂಗ್ರಹಣಾ ವ್ಯವಸ್ಥೆ ಇಷ್ಟನ್ನು ಹಾದುಹೋಗುತ್ತದೆ. ಹಳೆಯ ಸೋಪ್ ಸೇವೆಗಳಲ್ಲಿ ಕಡತವು ಎಂಟಿಒಎಂ ಎಂಬ ಬೇರೆ ರೂಪದಲ್ಲಿ ಸಾಗುತ್ತದೆ. ಆದರೆ ದಾರಿಯ ನಿಲ್ದಾಣಗಳು ಅವೇ.

ಉತ್ತರವನ್ನು ಓದುವ ಬಗೆ

ನಿರಾಕರಿಸಿದ ಕೊಂಡಿಯನ್ನು ಗುರುತಿಸಲು ಉತ್ತರದ ಸ್ಥಿತಿಸಂಖ್ಯೆಯೊಂದೇ ಸಾಲದು. ಉತ್ತರದ ಒಡಲನ್ನೂ ನೋಡಬೇಕು. ಸೇವೆಯು ಯಾವಾಗಲೂ ಜೆಸನ್ ರೂಪದಲ್ಲಿ ಉತ್ತರಿಸುವಂತೆ ರಚಿತವಾಗಿದ್ದು, ಅಪ್‌ಲೋಡ್ ವಿಫಲವಾದಾಗ ಮಾತ್ರ ಎಚ್‌ಟಿಎಂಎಲ್ ಪುಟವೊಂದು ಬಂದರೆ, ಕೋರಿಕೆ ಆನ್ವಯಿಕ ತಂತ್ರಾಂಶದವರೆಗೆ ಹೋಗಿಯೇ ಇಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಆನ್ವಯಿಕ ತಂತ್ರಾಂಶದ ಲಾಗ್‌ನಲ್ಲಿ ಆ ಕೋರಿಕೆಯ ಗುರುತೇ ಇಲ್ಲದಿರುವುದು ಇದಕ್ಕೆ ದೃಢೀಕರಣ.

413 ಎಂಬ ಸಂಖ್ಯೆ ಗಾತ್ರದ ಮಿತಿ ಮೀರಿದುದನ್ನು ತಿಳಿಸುತ್ತದೆ. 415 ಎಂದರೆ ಕೋರಿಕೆಯ ಅಥವಾ ಕಡತದ ಬಗೆ ಸಮ್ಮತವಲ್ಲ. ಒಡಲಿನ ಉದ್ದವನ್ನು ತಿಳಿಸದಿದ್ದರೆ 411, ಮುಂಭಾಗದ ಸರ್ವರ್ ಹಿಂಭಾಗದ ಉತ್ತರಕ್ಕೆ ಕಾದು ಸೋತರೆ 504 ಬರುತ್ತದೆ. ಆದರೆ ಈ ಸಂಖ್ಯೆಗಳನ್ನು ಎಲ್ಲರೂ ನಿಯಮದಂತೆ ಬಳಸುವುದಿಲ್ಲ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ನಲ್ಲಿ ಪೂರ್ವನಿಯೋಜಿತ ಮಿತಿಯಾದ 3,00,00,000 ಬೈಟ್‌ಗಳನ್ನು ಮೀರಿದ ಕೋರಿಕೆಗೆ 404 ಎಂಬ ಉತ್ತರ, 13 ಎಂಬ ಉಪಸಂಖ್ಯೆಯೊಂದಿಗೆ ಬರುವುದುಂಟು. ಉಪಸಂಖ್ಯೆ ಸರ್ವರ್‌ನ ಲಾಗ್‌ನಲ್ಲಿ ಮಾತ್ರ ಕಾಣುವ ಸಂದರ್ಭದಲ್ಲಿ ಪರೀಕ್ಷಕರು ವಿಳಾಸ ತಪ್ಪಿರಬೇಕೆಂದು ಭಾವಿಸಿ ಗಂಟೆಗಟ್ಟಲೆ ಹುಡುಕಬೇಕಾಗುತ್ತದೆ.

ಪಿಎಚ್‌ಪಿ ಭಾಷೆಯ ವರ್ತನೆ ಇನ್ನೂ ವಿಚಿತ್ರ. ಅದರಲ್ಲಿ ಒಂದು ಕಡತಕ್ಕೆ 2 ಎಂಬಿ, ಇಡೀ ಕೋರಿಕೆಗೆ 8 ಎಂಬಿ ಎಂಬ ಎರಡು ಪೂರ್ವನಿಯೋಜಿತ ಮಿತಿಗಳಿವೆ. ಮೊದಲನೆಯದನ್ನು ಮೀರಿದರೆ ಕಡತದ ದೋಷಸಂಖ್ಯೆ ತಂತ್ರಾಂಶಕ್ಕೆ ಸಿಗುತ್ತದೆ. ಎರಡನೆಯದನ್ನು ಮೀರಿದರೆ ಕಡತದೊಂದಿಗೆ ನಮೂನೆಯ ಉಳಿದೆಲ್ಲ ಕ್ಷೇತ್ರಗಳೂ ಖಾಲಿಯಾಗಿ ಕಾಣುತ್ತವೆ. ಆಗ ‘ಅರ್ಜಿದಾರರ ಹೆಸರನ್ನು ನಮೂದಿಸಿ’ ಎಂಬ ಸಂದೇಶ ಮೂಡುತ್ತದೆ. ಅರ್ಜಿದಾರರು ಕಣ್ಣೆದುರಿಗೇ ಇರುವ ಹೆಸರನ್ನು ಮತ್ತೆ ಮತ್ತೆ ಬರೆಯುತ್ತ ಕೂರುತ್ತಾರೆ.

ಬ್ರೌಸರ್‌ನಲ್ಲಿ ಪರೀಕ್ಷಿಸುವವರು ಇನ್ನೊಂದು ಭ್ರಮೆಯನ್ನು ಎದುರಿಸುತ್ತಾರೆ. ಜಾಲಪುಟ ಒಂದು ವಿಳಾಸದಲ್ಲಿಯೂ ಸೇವೆ ಮತ್ತೊಂದು ವಿಳಾಸದಲ್ಲಿಯೂ ಇದ್ದಾಗ, ಉತ್ತರದಲ್ಲಿ ಅನ್ಯಮೂಲದ ಅನುಮತಿಯನ್ನು ಸೂಚಿಸುವ ಹೆಡರ್ ಇರಬೇಕಾಗುತ್ತದೆ. ಆ ಹೆಡರ್ ಅನ್ನು ಸೇರಿಸುವುದು ಸಾಮಾನ್ಯವಾಗಿ ಆನ್ವಯಿಕ ತಂತ್ರಾಂಶದ ಕೆಲಸ. ಎನ್‌ಜಿಂಕ್ಸ್ ಮುಂಬಾಗಿಲಲ್ಲೇ 413 ಎಂದು ತಿರಸ್ಕರಿಸಿದರೆ ಆ ಹೆಡರ್ ಇರುವುದಿಲ್ಲ. ಬ್ರೌಸರ್ ಆಗ 413ನ್ನು ಪುಟದ ತಂತ್ರಾಂಶಕ್ಕೆ ತೋರಿಸದೆ, ಕಾರ್ಸ್ ದೋಷವೆಂದು ವರದಿ ಮಾಡುತ್ತದೆ. ಚಿಕ್ಕ ಕಡತ ಅಪ್‌ಲೋಡ್ ಆಗಿ, ದೊಡ್ಡ ಕಡತಕ್ಕೆ ಮಾತ್ರ ಕಾರ್ಸ್ ದೋಷ ಬಂದರೆ ನಿಜವಾದ ಕಾರಣ ಗಾತ್ರವೆಂದೇ ಮೊದಲು ಶಂಕಿಸಬೇಕು. ಹಾಗೆಯೇ, ಸರ್ವರ್ ಒಡಲನ್ನು ಪೂರ್ತಿ ಓದದೆ ಸಂಪರ್ಕವನ್ನು ಮುಚ್ಚಿಬಿಟ್ಟರೆ, ಇನ್ನೂ ಕಳುಹಿಸುತ್ತಲೇ ಇರುವ ಕ್ಲೈಂಟ್‌ಗೆ ಯಾವ ಸಂಖ್ಯೆಯೂ ಸಿಗದೆ ಸಂಪರ್ಕ ಕಡಿದುಹೋಯಿತೆಂಬ ದೋಷ ಮಾತ್ರ ಕಾಣಬಹುದು.

ಗಾತ್ರದ ಮಿತಿಗಳು

ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 × 3508 ಬಿಂದುಗಳ ಚಿತ್ರ ದೊರೆಯುತ್ತದೆ. ಬಿಂದುವೊಂದಕ್ಕೆ 3 ಬೈಟ್‌ನಂತೆ ಅದು 2,60,99,520 ಬೈಟ್, ಎಂದರೆ ಸುಮಾರು 25 ಎಂಬಿ. ಜೆಪಿಇಜಿ ಸಂಕೋಚನವೇ ಇದನ್ನು 2 ಎಂಬಿಯ ಒಳಗೆ ತರುತ್ತದೆ. ಅದೇ ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ ಮಿತಿ ಮೀರುತ್ತದೆ. ಹೀಗಾಗಿ ಮಿತಿಯ ಅಂಚಿನಲ್ಲಿರುವ ಕಡತಗಳು ಅಪವಾದವಲ್ಲ, ದಿನನಿತ್ಯದ ಸಂಗತಿ.

ಮಿತಿಯನ್ನು ಪರೀಕ್ಷಿಸುವಾಗ 2 ಎಂಬಿ ಎಂದರೆ ಎಷ್ಟು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಅದು 20,00,000 ಬೈಟ್ ಆಗಿರಬಹುದು, 20,97,152 ಬೈಟ್ ಆಗಿರಬಹುದು. ಜಾಲಪುಟದ ತಪಾಸಣೆ ಒಂದು ಲೆಕ್ಕವನ್ನೂ ಸರ್ವರ್ ಇನ್ನೊಂದನ್ನೂ ಹಿಡಿದರೆ ನಡುವಿನ 97,152 ಬೈಟ್‌ಗಳ ಅಂತರದಲ್ಲಿ ಬೀಳುವ ಕಡತಗಳು ಒಂದು ಕಡೆ ಒಪ್ಪಿಗೆಯಾಗಿ ಇನ್ನೊಂದು ಕಡೆ ತಿರಸ್ಕೃತವಾಗುತ್ತವೆ. ಮಿತಿಗಿಂತ ಒಂದು ಬೈಟ್ ಕಡಿಮೆ, ಸರಿಯಾಗಿ ಮಿತಿಯಷ್ಟು, ಒಂದು ಬೈಟ್ ಹೆಚ್ಚು, ಹಾಗೂ ಪೂರ್ಣ ಖಾಲಿ ಕಡತ, ಈ ನಾಲ್ಕನ್ನು ಸಿದ್ಧವಾಗಿಟ್ಟುಕೊಂಡರೆ ಹೆಚ್ಚಿನ ದೋಷಗಳು ಹೊರಬೀಳುತ್ತವೆ.

ಹೊರಗಿನ ಮಿತಿ ಒಳಗಿನ ಮಿತಿಗಿಂತ ದೊಡ್ಡದಿರಬೇಕೆಂಬುದು ಇನ್ನೊಂದು ಸೂಕ್ಷ್ಮ. ಎನ್‌ಜಿಂಕ್ಸ್‌ನ ಪೂರ್ವನಿಯೋಜಿತ ಮಿತಿ 1 ಎಂಬಿ. ಅದನ್ನು ಯಾರಾದರೂ ಸರಿಯಾಗಿ 2 ಎಂಬಿಗೆ ಏರಿಸಿದರೂ 20,97,152 ಬೈಟ್‌ನ ಕಡತ ಹಾದುಹೋಗುವುದಿಲ್ಲ. ಗಡಿ ಸಾಲುಗಳು ಮತ್ತು ಭಾಗಗಳ ತಲೆಬರಹಗಳು ಸೇರಿ ಒಡಲು ಕೆಲವು ನೂರು ಬೈಟ್‌ಗಳಷ್ಟು ಹಿಗ್ಗಿರುತ್ತದೆ. ಕಡತವನ್ನು ಬೇಸ್64 ಪಠ್ಯವಾಗಿಸಿ ಜೆಸನ್ ಒಳಗೆ ಕಳುಹಿಸುವ ಸೇವೆಗಳಲ್ಲಿ ಹಿಗ್ಗುವಿಕೆ ಮೂರನೇ ಒಂದು ಭಾಗದಷ್ಟು: ಅದೇ ಕಡತ 27,96,204 ಅಕ್ಷರಗಳಾಗುತ್ತದೆ. ಸ್ಪ್ರಿಂಗ್ ಬೂಟ್‌ನಲ್ಲಿ ಕಡತಕ್ಕೆ 1 ಎಂಬಿ, ಕೋರಿಕೆಗೆ 10 ಎಂಬಿ ಎಂಬ ಪೂರ್ವನಿಯೋಜಿತ ಮಿತಿಗಳಿವೆ. ಅಮೆಜಾನ್‌ನ ಎಪಿಐ ಗೇಟ್‌ವೇ 10 ಎಂಬಿಗಿಂತ ದೊಡ್ಡ ಒಡಲನ್ನು ಸ್ವೀಕರಿಸುವುದಿಲ್ಲ. ಅಭಿವೃದ್ಧಿಕಾರರ ಗಣಕಯಂತ್ರದಲ್ಲಿ ಸರಿಯಾಗಿ ನಡೆದ ಅಪ್‌ಲೋಡ್ ಸೇವೆಯ ನಿಜವಾದ ಪರಿಸರದಲ್ಲಿ ವಿಫಲವಾಗುವುದು ಬಹುತೇಕ ಇದೇ ಕಾರಣದಿಂದ. ಆ ಗಣಕಯಂತ್ರದಲ್ಲಿ ಈ ಮಧ್ಯವರ್ತಿಗಳು ಇರುವುದೇ ಇಲ್ಲ.

ಕಡತದ ಬಗೆ

ಕಡತದ ಬಗೆಯನ್ನು ಮೂರು ಕಡೆಯಿಂದ ತಿಳಿಯಬಹುದು: ಹೆಸರಿನ ಕೊನೆಯ ವಿಸ್ತರಣೆ, ಕ್ಲೈಂಟ್ ಘೋಷಿಸಿದ ಕಂಟೆಂಟ್-ಟೈಪ್, ಮತ್ತು ಕಡತದ ಆರಂಭದ ಬೈಟ್‌ಗಳು. ಮೊದಲೆರಡನ್ನು ಯಾರು ಬೇಕಾದರೂ ಬದಲಿಸಬಹುದಾದುದರಿಂದ ಉತ್ತಮ ಸೇವೆಗಳು ಮೂರನೆಯದನ್ನು ನೋಡುತ್ತವೆ. ಜೆಪಿಇಜಿ ಕಡತವು ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಆರಂಭವಾಗುತ್ತದೆ. ಪಿಡಿಎಫ್ ಕಡತದ ಮೊದಲಲ್ಲಿ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಲ್ಯಾಟಿನ್ ಅಕ್ಷರಗಳಿರುತ್ತವೆ.

2017ರಲ್ಲಿ ಬಂದ ಐಒಎಸ್ 11ರ ನಂತರ ಐಫೋನ್‌ಗಳು ಚಿತ್ರಗಳನ್ನು ಎಚ್‌ಇಐಸಿ ರೂಪದಲ್ಲಿ ಉಳಿಸತೊಡಗಿದವು. ಅದರ ವಿಸ್ತರಣೆಯನ್ನು ಜೆಪಿಜಿ ಎಂದು ಬದಲಿಸಿ ಕಳುಹಿಸುವ ಬಳಕೆದಾರರು ಅನೇಕರು. ವಿಸ್ತರಣೆಯನ್ನು ಮಾತ್ರ ನೋಡುವ ಸೇವೆ ಇದನ್ನು ಒಪ್ಪಿಕೊಂಡುಬಿಡುತ್ತದೆ. ತಿಂಗಳುಗಳ ನಂತರ ಪರಿಶೀಲನಾ ಅಧಿಕಾರಿಯ ಪರದೆಯ ಮೇಲೆ ಚಿತ್ರ ತೆರೆಯದಿದ್ದಾಗ ಅರ್ಜಿಯೇ ತಿರಸ್ಕೃತವಾಗಬಹುದು. ಅಪ್‌ಲೋಡ್ ಸಮಯದಲ್ಲಿಯೇ ನಿರಾಕರಣೆ ಬಂದಿದ್ದರೆ ಅರ್ಜಿದಾರರಿಗೆ ಸರಿಪಡಿಸಿಕೊಳ್ಳುವ ಅವಕಾಶವಿರುತ್ತಿತ್ತು. ಯಶಸ್ಸಿನ ಸಂದೇಶದೊಂದಿಗೆ ಸಂಭವಿಸುವ ಇಂತಹ ಮೌನ ವೈಫಲ್ಯವನ್ನು ಬೇರೆಲ್ಲಕ್ಕಿಂತ ಗಂಭೀರವೆಂದು ಪರಿಗಣಿಸುವುದು ಉಚಿತ.

ಗುಪ್ತಪದದಿಂದ ರಕ್ಷಿತವಾದ ಪಿಡಿಎಫ್ ಇದೇ ವರ್ಗದ್ದು. ಪ್ರಾಧಿಕಾರದಿಂದ ಇಳಿಸಿಕೊಂಡ ಇ-ಆಧಾರ್ ಕಡತಕ್ಕೆ ಗುಪ್ತಪದ ಇದ್ದೇ ಇರುತ್ತದೆ. ಅದನ್ನು ಹಾಗೆಯೇ ಬೇರೊಂದು ಸೇವೆಗೆ ಸಲ್ಲಿಸಿದರೆ ಬೈಟ್‌ಗಳ ತಪಾಸಣೆಯಲ್ಲಿ ಅದು ಶುದ್ಧ ಪಿಡಿಎಫ್. ತೆರೆಯಲು ಹೊರಟವರಿಗೆ ಮಾತ್ರ ಮುಚ್ಚಿದ ಬಾಗಿಲು.

ಕನ್ನಡ ಕಡತನಾಮಗಳು

ಕನ್ನಡದಲ್ಲಿ ಹೆಸರಿಸಿದ ಕಡತಗಳು ಇಂಗ್ಲಿಷ್ ಹೆಸರುಗಳಲ್ಲಿ ಎಂದೂ ಕಾಣದ ದೋಷಗಳನ್ನು ಹೊರತರುತ್ತವೆ. ಆದುದರಿಂದ ಕರ್ನಾಟಕದ ಬಳಕೆದಾರರಿಗಾಗಿ ರಚಿತವಾದ ಯಾವುದೇ ಸೇವೆಯ ಪರೀಕ್ಷೆಯಲ್ಲಿ ಇವು ಇರಲೇಬೇಕು.

ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಜಾತಿ ಪ್ರಮಾಣಪತ್ರ’ ಎಂಬ ಹೆಸರು ಓದುವವರಿಗೆ ಏಳು ಅಕ್ಷರ. ಯುನಿಕೋಡ್‌ನಲ್ಲಿ ಸ್ವರಚಿಹ್ನೆ, ವಿರಾಮಚಿಹ್ನೆಗಳೂ ಪ್ರತ್ಯೇಕ ಸಂಕೇತಗಳಾದುದರಿಂದ ಅದು 14 ಕನ್ನಡ ಸಂಕೇತಗಳೂ ಒಂದು ತೆರಪೂ ಆಗುತ್ತದೆ. ಚುಕ್ಕೆಯೂ ಸೇರಿ ವಿಸ್ತರಣೆಯ 4 ಬೈಟ್ ಕೂಡಿಸಿದರೆ ಒಟ್ಟು 47 ಬೈಟ್. ವಿಳಾಸದಲ್ಲಿ ಬಳಸಲು ಶೇಕಡಾ ಚಿಹ್ನೆಗಳ ರೂಪಕ್ಕೆ ತಂದಾಗ ಇದೇ ಹೆಸರು 133 ಅಕ್ಷರಗಳಾಗಿ ಬೆಳೆಯುತ್ತದೆ. ದತ್ತಸಂಚಯದಲ್ಲಿ ಕಡತನಾಮಕ್ಕೆ 100 ಅಕ್ಷರಗಳಷ್ಟೇ ಜಾಗವಿದ್ದು, ಹೆಸರನ್ನು ಈ ರೂಪದಲ್ಲಿ ಉಳಿಸುವ ಸೇವೆಯಲ್ಲಿ ಅಪ್‌ಲೋಡ್ ವಿಫಲವಾಗುತ್ತದೆ, ಇಲ್ಲವೇ ಹೆಸರಿನ ಬಾಲ ಕತ್ತರಿಸಿಹೋಗಿ ವಿಸ್ತರಣೆಯೇ ಮಾಯವಾಗುತ್ತದೆ. ಲಿನಕ್ಸ್‌ನ ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಗರಿಷ್ಠ ಉದ್ದ 255 ಬೈಟ್. ಇಂಗ್ಲಿಷಿನ 255 ಅಕ್ಷರಗಳಿಗೆ ಇರುವ ಜಾಗದಲ್ಲಿ ಕನ್ನಡದ 85 ಸಂಕೇತಗಳು ಮಾತ್ರ ಹಿಡಿಯುತ್ತವೆ.

ಹೆಸರನ್ನು ಯುಟಿಎಫ್-8 ಎಂದು ಓದುವ ಬದಲು ಹಳೆಯ ಲ್ಯಾಟಿನ್-1 ಎಂದು ಓದುವ ಸರ್ವರ್‌ಗಳು ಈಗಲೂ ಇವೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಇ0, ಎರಡನೆಯದು ಬಿ2 ಅಥವಾ ಬಿ3. ಲ್ಯಾಟಿನ್-1ರಲ್ಲಿ ಇವು ತಲೆಯ ಮೇಲೆ ಓರೆಗೆರೆಯುಳ್ಳ ಸಣ್ಣ ‘ಎ’ ಅಕ್ಷರ ಮತ್ತು ಮೇಲ್ಬರಹದ 2 ಅಥವಾ 3. ಅಪ್‌ಲೋಡ್ ಆದ ಕಡತದ ಹೆಸರಿನಲ್ಲಿ ಈ ಜೋಡಿ ಮತ್ತೆ ಮತ್ತೆ ಕಂಡರೆ ಕಡತದ ಒಡಲಿಗೆ ಏನೂ ಆಗಿಲ್ಲ, ಹೆಸರನ್ನು ಮಾತ್ರ ತಪ್ಪಾಗಿ ಓದಲಾಗಿದೆ ಎಂದು ತಿಳಿಯಬಹುದು. ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿದಿದ್ದರೆ ಮೂಲ ಹೆಸರು ನಷ್ಟವಾಗಿದೆ. ಅದನ್ನು ಮರಳಿ ಪಡೆಯಲಾಗದು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಓ-ಕಾರ, ಈ-ಕಾರದಂತಹ ಸ್ವರಚಿಹ್ನೆಗಳದು. ‘ಕೋಲಾರ’ದ ಓತ್ವವನ್ನು ಯುನಿಕೋಡ್ ಒಂದೇ ಸಂಕೇತವಾಗಿಯೂ, ಎತ್ವ, ಊತ್ವ ಹಾಗೂ ದೀರ್ಘಚಿಹ್ನೆಗಳೆಂಬ ಮೂರು ಸಂಕೇತಗಳಾಗಿಯೂ ಬರೆಯಲು ಬಿಡುತ್ತದೆ. ಎರಡೂ ಪರದೆಯ ಮೇಲೆ ಒಂದೇ. ಮ್ಯಾಕ್ ಗಣಕಯಂತ್ರಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಅಲ್ಲಿಂದ ಬಂದ ‘ಕೋಲಾರ’ ಕಡತವನ್ನು ಕೂಡಿಸಿದ ರೂಪದ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಅಪ್‌ಲೋಡ್ ಯಶಸ್ವಿಯಾದರೂ ಮುಂದಿನ ಹಂತದಲ್ಲಿ ‘ಕಡತ ಇಲ್ಲ’ ಎಂಬ ದೋಷ ಬರುತ್ತದೆ. ಸರ್ವರ್‌ಗೆ ಬಂದ ಹೆಸರನ್ನು ಕೂಡಿಸಿದ ಪ್ರಮಾಣಿತ ರೂಪಕ್ಕೆ ತರುವುದು ಒಂದು ಪರಿಹಾರ. ಬಳಕೆದಾರರು ಕೊಟ್ಟ ಹೆಸರನ್ನು ಕೇವಲ ಪ್ರದರ್ಶನಕ್ಕಾಗಿ ಉಳಿಸಿ, ಸಂಗ್ರಹಕ್ಕೆ ಸೇವೆಯೇ ಸೃಷ್ಟಿಸಿದ ಸಂಖ್ಯೆಯನ್ನು ಬಳಸುವುದು ಇನ್ನೂ ಸುರಕ್ಷಿತ. ಹೆಸರಿನಲ್ಲಿ ಚುಕ್ಕೆ, ಓರೆಗೆರೆಗಳನ್ನು ತೂರಿಸಿ ಬೇರೆ ಕಡತಕೋಶಕ್ಕೆ ಬರೆಯಲು ಯತ್ನಿಸುವ ದಾಳಿಗಳೂ ಇದರಿಂದ ನಿಲ್ಲುತ್ತವೆ.

ಪರೀಕ್ಷಾ ಸಾಧನಗಳು

ವೆಬ್ ಸೇವೆಗಳ ಪರೀಕ್ಷೆಗೆ ವ್ಯಾಪಕವಾಗಿ ಬಳಕೆಯಾಗುವ ಪೋಸ್ಟ್‌ಮ್ಯಾನ್ ಬೆಂಗಳೂರಿನಲ್ಲಿ ಬೆಳೆದ ತಂತ್ರಾಂಶ. ಅಭಿನವ್ ಅಸ್ಥಾನಾ 2012ರಲ್ಲಿ ಕ್ರೋಮ್ ಬ್ರೌಸರ್‌ನ ವಿಸ್ತರಣೆಯಾಗಿ ಇದನ್ನು ಬಿಡುಗಡೆ ಮಾಡಿದರು. ಅಂಕಿತ್ ಸೋಬ್ತಿ ಮತ್ತು ಅಭಿಜಿತ್ ಕಾಣೆ ಅವರೊಡಗೂಡಿ 2014ರಲ್ಲಿ ಕಂಪನಿಯನ್ನು ಸ್ಥಾಪಿಸಿದರು. ಇದರಲ್ಲಿ ಕಡತ ಕಳುಹಿಸಲು ಒಡಲಿನ ಬಗೆಯನ್ನು ಫಾರ್ಮ್-ಡೇಟಾ ಎಂದು ಆರಿಸಿ, ಕ್ಷೇತ್ರದ ಬಗೆಯನ್ನು ಪಠ್ಯದಿಂದ ಕಡತಕ್ಕೆ ಬದಲಿಸಬೇಕು. ಉಳಿಸಿದ ಕೋರಿಕೆಯಲ್ಲಿ ಕಡತ ಇರುವ ದಾರಿ ಮಾತ್ರ ಇರುತ್ತದೆ, ಕಡತ ಇರುವುದಿಲ್ಲ. ಸಹೋದ್ಯೋಗಿಗೆ ಆ ಸಂಗ್ರಹವನ್ನು ಹಂಚಿದಾಗ ಅವರ ಗಣಕಯಂತ್ರದಲ್ಲಿ ಅದೇ ದಾರಿಯಲ್ಲಿ ಕಡತವಿಲ್ಲದೆ ಕೋರಿಕೆ ವಿಫಲವಾಗುತ್ತದೆ. ಪರೀಕ್ಷೆಯ ಕಡತಗಳನ್ನು ಪೋಸ್ಟ್‌ಮ್ಯಾನ್‌ನ ಕಾರ್ಯಕೋಶದಲ್ಲಿಟ್ಟು ಎಲ್ಲರೂ ಅದೇ ಹೆಸರುಗಳನ್ನು ಬಳಸುವುದು ಇದಕ್ಕೆ ಪರಿಹಾರ. ಆದೇಶ ಸಾಲಿನಲ್ಲಿ ಇದೇ ಸಂಗ್ರಹಗಳನ್ನು ನಡೆಸುವ ನ್ಯೂಮನ್‌ಗೆ ಕಾರ್ಯಕೋಶವನ್ನು ಪ್ರತ್ಯೇಕವಾಗಿ ತಿಳಿಸಬೇಕು.

ಕರ್ಲ್ ಎಂಬ ಆದೇಶ ಸಾಲಿನ ಸಾಧನ ಇನ್ನೂ ನೇರವಾದುದು. ಅದರಲ್ಲಿ ಕಡತದ ದಾರಿಯ ಮುಂದೆ ‘ಅಟ್’ ಚಿಹ್ನೆಯನ್ನು ಮರೆತರೆ ಕಡತದ ಬದಲು ದಾರಿಯ ಹೆಸರೇ ಪಠ್ಯವಾಗಿ ಹೋಗುತ್ತದೆ. ಸರ್ವರ್‌ನಲ್ಲಿ ಇಪ್ಪತ್ತು ಮೂವತ್ತು ಬೈಟ್‌ನ ಕಡತ ಕಂಡರೆ ಇದನ್ನು ಶಂಕಿಸಬೇಕು. ಫಾರ್ಮ್ ಆಯ್ಕೆಯ ಬದಲು ಸಾಮಾನ್ಯ ಡೇಟಾ ಆಯ್ಕೆಯಿಂದ ಕಡತವನ್ನು ಓದಿಸಿದರೆ ಕರ್ಲ್ ಸಾಲುಮುರಿಯುವ ಬೈಟ್‌ಗಳನ್ನು ತೆಗೆದುಹಾಕುತ್ತದೆ. ಚಿತ್ರದೊಳಗೂ ಆ ಬೈಟ್‌ಗಳು ಇರುವುದರಿಂದ ತಲುಪಿದ ಚಿತ್ರ ಗಾತ್ರದಲ್ಲಿ ಕಡಿಮೆಯಾಗಿ, ತೆರೆಯದಂತಾಗುತ್ತದೆ.

ಬ್ರೌಸರ್‌ನಲ್ಲಿ ವಿಫಲವಾದ ಅಪ್‌ಲೋಡ್ ಅನ್ನು ಅದೇ ಕಡತದೊಂದಿಗೆ ಕರ್ಲ್‌ನಿಂದ ಕಳುಹಿಸಿ ನೋಡುವುದು, ಬಳಿಕ ಮುಂಭಾಗದ ಸರ್ವರ್ ಅನ್ನು ಬಿಟ್ಟು ನೇರವಾಗಿ ಆನ್ವಯಿಕ ತಂತ್ರಾಂಶಕ್ಕೆ ಕಳುಹಿಸಿ ನೋಡುವುದು ದೋಷದ ಸ್ಥಳವನ್ನು ಬೇಗ ಕಿರಿದಾಗಿಸುತ್ತದೆ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕೆಂಬ ನಿಯಮ ತಿಳಿಯದವರಿಲ್ಲ, ಆತುರದಲ್ಲಿ ಪಾಲಿಸುವವರು ಕಡಿಮೆ.

ನಿಧಾನ ಸಂಪರ್ಕ ಮತ್ತು ಮರುಪ್ರಯತ್ನ

ಹೆಬ್ಬಾಳದ ಕಚೇರಿಯ ಫೈಬರ್ ಸಂಪರ್ಕದಲ್ಲಿ 2 ಎಂಬಿಯ ಕಡತ ಒಂದೆರಡು ಕ್ಷಣಗಳಲ್ಲಿ ಹೋಗುತ್ತದೆ. ಸೆಕೆಂಡಿಗೆ 256 ಕಿಲೋಬಿಟ್ ಮಾತ್ರ ಮೇಲೇರುವ ಮೊಬೈಲ್ ಸಂಪರ್ಕದಲ್ಲಿ ಅದಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಬೇಕು. ಬಹುತೇಕ ಸರ್ವರ್‌ಗಳು ಒಟ್ಟು ಸಮಯವನ್ನು ಎಣಿಸದೆ, ಬೈಟ್‌ಗಳು ಬಾರದ ಮೌನವನ್ನು ಎಣಿಸುತ್ತವೆ. ಎನ್‌ಜಿಂಕ್ಸ್‌ನಲ್ಲಿ ಇದು ಪೂರ್ವನಿಯೋಜಿತವಾಗಿ 60 ಸೆಕೆಂಡ್. ನಿಧಾನವಾದರೂ ನಿರಂತರವಾಗಿ ಸಾಗುವ ಅಪ್‌ಲೋಡ್ ಹೀಗಾಗಿ ಪಾರಾಗುತ್ತದೆ, ನಡುವೆ ಸಿಗ್ನಲ್ ಕಡಿದುಹೋದದ್ದು ಪಾರಾಗುವುದಿಲ್ಲ. ಪ್ರಗತಿ ಸೂಚಿ 100 ಶೇಕಡಾ ತಲುಪಿ ಅಲ್ಲೇ ನಿಂತು, ಬಳಿಕ 504 ಬಂದರೆ ಚಿತ್ರ ಬೇರೆ: ಎನ್‌ಜಿಂಕ್ಸ್ ಇಡೀ ಒಡಲನ್ನು ಮೊದಲು ತಾನೇ ಶೇಖರಿಸಿ ನಂತರ ಹಿಂಭಾಗಕ್ಕೆ ಕೊಡುವುದರಿಂದ, ಕಾಲ ಮೀರಿರುವುದು ವೈರಸ್ ತಪಾಸಣೆ ಅಥವಾ ಸಂಗ್ರಹಣೆಯಲ್ಲಿ. ಕ್ರೋಮ್‌ನ ಅಭಿವೃದ್ಧಿ ಸಾಧನಗಳಲ್ಲಿ ಸಂಪರ್ಕದ ವೇಗವನ್ನು ಕೃತಕವಾಗಿ ತಗ್ಗಿಸಿ ಈ ಸನ್ನಿವೇಶಗಳನ್ನು ಕಚೇರಿಯಲ್ಲಿಯೇ ಸೃಷ್ಟಿಸಬಹುದು.

504 ಬಂದಾಗ ಕಡತ ಉಳಿದಿಲ್ಲವೆಂದು ಹೇಳಲಾಗದು. ಹಿಂಭಾಗದ ತಂತ್ರಾಂಶ ಕೆಲಸವನ್ನು ಮುಗಿಸಿಯೇ ಇರಬಹುದು. ಬಳಕೆದಾರರು ಮತ್ತೆ ಗುಂಡಿ ಒತ್ತಿದರೆ ಒಬ್ಬರ ಹೆಸರಿನಲ್ಲಿ ಎರಡು ಅರ್ಜಿಗಳಾಗುತ್ತವೆ. ಇದನ್ನು ತಡೆಯಲು ಪ್ರತಿ ಸಲ್ಲಿಕೆಗೂ ಕ್ಲೈಂಟ್ ಕಡೆಯಲ್ಲಿಯೇ ಒಂದು ಗುರುತು ಇರಬೇಕು. ಆಧಾರ್ ನೋಂದಣಿಯಲ್ಲಿ 14 ಅಂಕೆಗಳ ಸಂಖ್ಯೆ ಮತ್ತು 14 ಅಂಕೆಗಳ ದಿನಾಂಕ-ಸಮಯ ಸೇರಿದ ನೋಂದಣಿ ಗುರುತು ನೋಂದಣಿ ಕೇಂದ್ರದಲ್ಲಿಯೇ ಹುಟ್ಟುತ್ತದೆ.

ಇದರ ಇನ್ನೂ ಸ್ಪಷ್ಟವಾದ ಮಾದರಿ ಎಂಒಎಸ್‌ಐಪಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ಈ ಮುಕ್ತ ಆಕರದ ಗುರುತು ವ್ಯವಸ್ಥೆಯನ್ನು ಫಿಲಿಪ್ಪೀನ್ಸ್, ಮೊರಾಕೊ ಮೊದಲಾದ ದೇಶಗಳು ಅಳವಡಿಸಿಕೊಂಡಿವೆ. ಅದರ ಆಕರ ಎಲ್ಲರಿಗೂ ಲಭ್ಯವಿರುವುದರಿಂದ ವಿದ್ಯಾರ್ಥಿಗಳು ಅಧ್ಯಯನಕ್ಕೆ ಬಳಸಬಹುದು. ಅಲ್ಲಿ ನೋಂದಣಿ ತಂತ್ರಾಂಶವು ಪೊಟ್ಟಣವನ್ನು ಕಳುಹಿಸುವ ಮೊದಲು ಅದರ ಗುರುತು, ಗಾತ್ರ ಮತ್ತು ಹ್ಯಾಶ್ ಮೌಲ್ಯವನ್ನು ಸರ್ವರ್‌ಗೆ ತಿಳಿಸುತ್ತದೆ. ಪೊಟ್ಟಣ ಬಂದಾಗ ಸ್ವೀಕರಿಸುವ ಸೇವೆಯು ಅದನ್ನು ಆ ವಿವರಗಳೊಡನೆ ಹೋಲಿಸಿ, ವೈರಸ್ ತಪಾಸಣೆ ಮಾಡಿ, ಈಗಾಗಲೇ ಬಂದಿದೆಯೇ ಎಂದು ನೋಡಿ ಬಳಿಕ ಸಂಗ್ರಹಿಸುತ್ತದೆ. ದಾರಿಯಲ್ಲಿ ಒಂದು ಬೈಟ್ ಬದಲಾಗಿದ್ದರೂ ಹ್ಯಾಶ್ ಹೊಂದುವುದಿಲ್ಲ.

ಸಣ್ಣ ಸೇವೆಗಳ ಪರೀಕ್ಷೆಯಲ್ಲಿಯೂ ಇದೇ ಕ್ರಮವನ್ನು ಅನುಸರಿಸಬಹುದು. 200 ಎಂಬ ಉತ್ತರ ಬಂದ ಮಾತ್ರಕ್ಕೆ ಅಪ್‌ಲೋಡ್ ಯಶಸ್ವಿಯಾಯಿತೆಂದು ದಾಖಲಿಸದೆ, ಸರ್ವರ್‌ನಿಂದ ಕಡತವನ್ನು ಮರಳಿ ಇಳಿಸಿಕೊಂಡು ಎರಡರ ಎಸ್‌ಎಚ್‌ಎ-256 ಹ್ಯಾಶ್‌ಗಳನ್ನು ಹೋಲಿಸಬೇಕು. ಚಿತ್ರಗಳನ್ನು ಕುಗ್ಗಿಸಿ ಉಳಿಸುವ ಸೇವೆಗಳಲ್ಲಿ ಹ್ಯಾಶ್ ಸಹಜವಾಗಿಯೇ ಬದಲಾಗುತ್ತದೆ. ಅಲ್ಲಿ ಚಿತ್ರವನ್ನು ತೆರೆದು ನೋಡುವುದೊಂದೇ ಮಾರ್ಗ.

ಪರೀಕ್ಷೆಗೆ ಬಳಸುವ ಕಡತಗಳು

ಸಂಸ್ಥೆಗಳಲ್ಲಿ ಪರೀಕ್ಷೆಗೆಂದು ನಿಜವಾದ ಅರ್ಜಿದಾರರ ದಾಖಲೆಗಳನ್ನೇ ನಕಲು ಮಾಡಿಕೊಳ್ಳುವ ರೂಢಿ ಇದೆ. ಪರೀಕ್ಷಾ ಸರ್ವರ್‌ಗಳ ರಕ್ಷಣೆ ಸಾಮಾನ್ಯವಾಗಿ ಸಡಿಲವಾಗಿರುವುದರಿಂದ ಇದು ಅಪಾಯಕರ; 2016ರ ಆಧಾರ್ ಕಾಯಿದೆ ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗಳ ದೃಷ್ಟಿಯಿಂದಲೂ ಸಲ್ಲದು. ಬೇಕಾದ ಗಾತ್ರದ ಕಡತಗಳನ್ನು ಲಿನಕ್ಸ್‌ನ ಡಿಡಿ ಆದೇಶದಿಂದ ಕ್ಷಣದಲ್ಲಿ ಸೃಷ್ಟಿಸಬಹುದು. ಆದರೆ ಅವು ನಿಜವಾದ ಚಿತ್ರಗಳಲ್ಲವಾದ್ದರಿಂದ ಬಗೆಯ ತಪಾಸಣೆಯಲ್ಲಿ ಬೀಳುತ್ತವೆ; ಚಿಕ್ಕ ಜೆಪಿಇಜಿ ಚಿತ್ರವೊಂದರ ಕೊನೆಗೆ ಸೊನ್ನೆ ಬೈಟ್‌ಗಳನ್ನು ಸೇರಿಸಿ ಗಾತ್ರ ಹೆಚ್ಚಿಸಿದರೆ ಅನೇಕ ತಪಾಸಕಗಳು ಅದನ್ನು ಒಪ್ಪುತ್ತವೆ. ಮಾದರಿ ಗುರುತಿನ ಚೀಟಿಯ ಚಿತ್ರ ಬೇಕಾದಾಗ 0 ಅಥವಾ 1ರಿಂದ ಆರಂಭವಾಗುವ ಸಂಖ್ಯೆಯನ್ನು ಹಾಕಬಹುದು. ಆಧಾರ್ ಸಂಖ್ಯೆಗಳು ಈ ಎರಡು ಅಂಕೆಗಳಿಂದ ಆರಂಭವಾಗುವುದಿಲ್ಲ. ವೈರಸ್ ತಪಾಸಕ ಕೆಲಸ ಮಾಡುತ್ತಿದೆಯೇ ಎಂದು ನೋಡಲು ನಿಜವಾದ ವೈರಸ್ ಬೇಕಿಲ್ಲ. ಐಕಾರ್ ಎಂಬ 68 ಬೈಟ್‌ಗಳ ನಿರುಪದ್ರವಿ ಪಠ್ಯವನ್ನು ಎಲ್ಲ ಪ್ರಮುಖ ತಪಾಸಕಗಳೂ ಒಪ್ಪಂದದಂತೆ ವೈರಸ್ ಎಂದು ಗುರುತಿಸುತ್ತವೆ. ಕಚೇರಿಯ ಗಣಕಯಂತ್ರದಲ್ಲಿರುವ ತಪಾಸಕವೇ ಅದನ್ನು ಮೊದಲು ಅಳಿಸಿಹಾಕುವುದರಿಂದ, ಸೇವೆಗೆ ಕಳುಹಿಸಿದ್ದು ಖಾಲಿ ಕಡತವಾಗಿತ್ತೇ ಎಂಬುದನ್ನು ಗಮನಿಸಿಕೊಳ್ಳಬೇಕು.